641 ಸಿಕ್ಕಿದ ಮಳೆ ರಜೆ

ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು, ಕರೆಂಟೂ ಇರಲಿಲ್ಲ. ಒಂಬತ್ತನೇ ಕ್ಲಾಸಿನ ಅಕ್ಕನ ಮಗ ಚದುರಂಗದ ಕಾಳಿನ ಕಥೆ ಹಿಡಿದುಕೊಂಡು ಬಂದ. ಮೊದಲ ಮನೆಗೆ ಒಂದು ಕಾಳು, ಆಮೇಲೆ ಎರಡು, ನಾಲ್ಕು. ಹೀಗೆ 64 ಮನೆಗೂ ದುಪ್ಪಟ್ಟು ಮಾಡುತ್ತಾ ಹೋದರೆ ಒಟ್ಟು 1,84,46,74,40,73,70,95,51,615 ಕಾಳು. ರಾಜ ಬೆಪ್ಪಾಗುವ ಕಥೆ ಎಲ್ಲರಿಗೂ ಗೊತ್ತು. ಇವನ ಪ್ರಶ್ನೆ ಬೇರೆ: “ಮಾವ, ಇದು ಯಾವ್ಯಾವ್ದರಿಂದ ಭಾಗ ಹೋಗುತ್ತೆ?”

ಕೊನೆಯಲ್ಲಿ 5 ಇದೆ, 5 ಹೋಗುತ್ತದೆ. ಅಂಕಿಗಳನ್ನು ಕೂಡಿದರೆ 87, ಹಾಗಾಗಿ 3 ಹೋಗುತ್ತದೆ, 9 ಹೋಗಲ್ಲ. ಮುಂದಕ್ಕೆ ಇಪ್ಪತ್ತು ಅಂಕಿಯನ್ನು 7, 11, 13 ಅಂತ ಭಾಗಿಸುತ್ತಾ ಕೂರುವ ತಾಳ್ಮೆ ನನಗಂತೂ ಇಲ್ಲ.

ಅಂಕಿ ಬಿಡು, ಅದು ಹುಟ್ಟಿದ ಬಗೆ ನೋಡು ಅಂದೆ. ಇದು 2ರ 64ನೇ ಘಾತಕ್ಕಿಂತ ಒಂದು ಕಡಿಮೆ. 64ನೇ ಘಾತ ಎಂದರೆ 32ನೇ ಘಾತದ ವರ್ಗ, ಅಲ್ವಾ? ಎರಡು ವರ್ಗಗಳ ವ್ಯತ್ಯಾಸದ ಸೂತ್ರ ಅವನಿಗೆ ಬಾಯಿಪಾಠ. ಹಾಕಿದ. 32ನೇ ಘಾತಕ್ಕೆ ಒಂದು ಕೂಡಿದ್ದು, ಒಂದು ಕಳೆದದ್ದು ಎಂದು ಎರಡು ತುಂಡಾಯಿತು. ಕಳೆದದ್ದು ಮತ್ತೆ ಅದೇ ಸೂತ್ರಕ್ಕೆ ಸಿಕ್ಕಿತು. ಕೊನೆಗೆ ಹಾಳೆಯ ಮೇಲೆ ಉಳಿದದ್ದು 3, 5, 17, 257, 65,537 ಮತ್ತು 4,29,49,67,297.

ಇವು ಫರ್ಮಾ ಸಂಖ್ಯೆಗಳು: 2ರ 1, 2, 4, 8, 16, 32ನೇ ಘಾತ, ಹೀಗೆ ದುಪ್ಪಟ್ಟಾಗುವ ಘಾತಕ್ಕೆ ಒಂದು ಕೂಡಿದರೆ ಬರುವಂಥವು. 17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯ ಎಂದು ನಂಬಿದ್ದ. ಮೊದಲ ಐದು ನಿಜಕ್ಕೂ ಹೌದು. ಆರನೆಯದನ್ನು 1732ರಲ್ಲಿ ಗಣಿತಜ್ಞ ಆಯ್ಲರ್ ಒಡೆದ. ಇದನ್ನು ಭಾಗಿಸುವ ಯಾವ ಅವಿಭಾಜ್ಯವನ್ನೇ ಆಗಲಿ 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ನೋಡಬೇಕಾದದ್ದು 193, 257, 449, 577, 641... ಹುಡುಗ ಕೈಯಲ್ಲೇ ಭಾಗಿಸಿದ. 641ಕ್ಕೆ ಶೇಷ ಸೊನ್ನೆ, ಭಾಗಲಬ್ಧ 67,00,417.

ಭಾಗಾಕಾರವೇ ಇಲ್ಲದ ದಾರಿಯೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. 640ನ್ನು 641ರಿಂದ ಭಾಗಿಸಿದರೆ ಶೇಷ −1 ಎನ್ನಬಹುದು. ಅದರ ನಾಲ್ಕನೇ ಘಾತಕ್ಕೆ ಶೇಷ 1. 640 ಎಂದರೆ 5 × 128. ಹಾಗಾಗಿ ಅದರ ನಾಲ್ಕನೇ ಘಾತ 625 × 2ರ 28ನೇ ಘಾತ. ಇನ್ನು 625 ಮತ್ತು 16 ಕೂಡಿದರೆ 641. ಅಂದರೆ 625ರ ಜಾಗದಲ್ಲಿ −16 ಇಡಬಹುದು. ಆಗ 2ರ 32ನೇ ಘಾತಕ್ಕೆ ಶೇಷ −1. ಒಂದು ಕೂಡಿದರೆ ಸೊನ್ನೆ! ಇದನ್ನು ಅವನು ಎರಡು ಸಲ ಬರೆಸಿಕೊಂಡ.

67,00,417 ಇನ್ನೂ ಒಡೆಯುತ್ತಾ ಅಂದ. ಅದಕ್ಕೂ ಅದೇ ನಿಯಮ. ವರ್ಗಮೂಲ 2,588ರ ಹತ್ತಿರ, ಹಾಗಾಗಿ 641, 769, 1153, 1217, 1409, 1601, 2113 ಇಷ್ಟು ನೋಡಿದರೆ ಸಾಕು. ಯಾವುದೂ ಹೋಗಲಿಲ್ಲ. ಅದು ಅವಿಭಾಜ್ಯ.

“ಒಂದು ಕಳೆಯೋ ಬದಲು ಒಂದು ಕೂಡಿದ್ರೆ ಏನಾಗುತ್ತೆ ಮಾವ?” ಕೊನೆಯ 615 ಹೋಗಿ 617 ಆಗುತ್ತದೆ, ಸೂತ್ರ ಕೈಕೊಡುತ್ತದೆ. ಅದನ್ನು 1880ರಲ್ಲಿ ಲ್ಯಾಂಡ್ರಿ ಎಂಬ 82ರ ಅಜ್ಜ ಒಡೆದರು, ಚಿಕ್ಕ ತುಂಡು 2,74,177. ಭಾಗಿಸಿ ನೋಡ್ತೀಯಾ ಅಂದೆ. ಹುಡುಗ ಪೆನ್ನು ಇಟ್ಟು ಊಟಕ್ಕೆ ಎದ್ದ.