ಬೆಕ್ಕಿನ ಬಾಗಿಲಿನಾಚೆ 207 ಮೆಟ್ಟಿಲು

ಜಪಾನನ್ನಾಳಿದ ಶೋಗುನ್, ಅಂದರೆ ಸೇನಾಧಿಪತಿ, ತೊಕುಗಾವಾ ಇಯೆಯಾಸು ಕೇಳಿಕೊಂಡದ್ದು ಒಂದು ಚಿಕ್ಕ ಗುಡಿ. 1616ರಲ್ಲಿ ಕಣ್ಣು ಮುಚ್ಚುವ ಮುನ್ನ ಹೇಳಿಹೋದದ್ದು ಇಷ್ಟೇ: ದೇಹ ಕುನೋ ಬೆಟ್ಟದಲ್ಲಿರಲಿ, ವರ್ಷ ಕಳೆದ ಮೇಲೆ ನಿಕ್ಕೋದಲ್ಲಿ ಸಣ್ಣದೊಂದು ಗುಡಿ ಕಟ್ಟಿ ಆವಾಹಿಸಿ, ಕಾಂತೊ (ಈಗಿನ ಟೋಕಿಯೊ ಸುತ್ತಲಿನ ನಾಡು) ಪ್ರದೇಶದ ಎಂಟು ಸೀಮೆಗಳನ್ನು ಕಾಯುತ್ತೇನೆ. ಮರುವರ್ಷ ಹಾಗೇ ಆಯಿತು. ಶೋಗುನ್ ‘ತೋಶೋ ದೈಗೊಂಗೆನ್’, ಪೂರ್ವವನ್ನು ಬೆಳಗುವ ಮಹಾ ಅವತಾರವಾದ. ಮೊಮ್ಮಗ ಇಯೆಮಿತ್ಸುವಿನ ಭಕ್ತಿ ಅಷ್ಟಕ್ಕೆ ತಣಿಯಲಿಲ್ಲ. 1636ರಲ್ಲಿ ಎಲ್ಲವನ್ನೂ ಹೊಸದಾಗಿ, ಬಂಗಾರ ಬಣ್ಣಗಳಲ್ಲಿ ಕಟ್ಟಿಸಿದ. ಯೊಮೆಯಿಮೊನ್ ಎಂಬ ಒಂದು ಬಾಗಿಲಿಗೇ 508 ಕೆತ್ತನೆ!

ತೋಶೋಗು ಎಂಬ ಈ ಗುಡಿಗೆ ಹೋದವರು ಮೊದಲು ಕೈಬಾಯಿ ತೊಳೆಯಬೇಕು. ಉದ್ದ ಹಿಡಿಯ ಸೌಟಿದ್ದರೆ ಒಮ್ಮೆ ತುಂಬಿಕೊಂಡ ನೀರಿನಲ್ಲೇ ಎಲ್ಲ ಮುಗಿಯಬೇಕು. ಬಲಗೈಯಲ್ಲಿ ಹಿಡಿದು ಎಡಗೈಗೆ, ಕೈ ಬದಲಿಸಿ ಬಲಗೈಗೆ, ಮತ್ತೆ ಎಡ ಬೊಗಸೆಗೆ ಸುರಿದುಕೊಂಡು ಬಾಯಿ ಮುಕ್ಕಳಿಸಿ, ಎಡಗೈಯನ್ನು ಇನ್ನೊಮ್ಮೆ ತೊಳೆಯುವುದು. ಸೌಟಿಗೆ ತುಟಿ ತಾಗಕೂಡದು. ಮೊದಲ ಕೈಗೇ ಧಾರಾಳವಾಗಿ ಸುರಿದವರಿಗೆ ಬಾಯಿಗೆ ನೀರುಳಿಯುವುದಿಲ್ಲ. ಕೊನೆಗೆ ಸೌಟನ್ನು ನೆಟ್ಟಗೆ ನಿಲ್ಲಿಸಿದರೆ ಉಳಿದ ನೀರು ಹಿಡಿಯ ಮೇಲಿಳಿದು ಮುಂದಿನವರಿಗಾಗಿ ಅದನ್ನೂ ತೊಳೆಯುತ್ತದೆ. ಇಡೀ ಆಚಾರದಲ್ಲಿ ಇಷ್ಟು ಚಂದದ್ದು ಇನ್ನೊಂದಿಲ್ಲ.

ದೇವರೆದುರು ಎರಡು ಸಲ ಸೊಂಟ ಬಾಗಿಸಿ ನಮಸ್ಕಾರ, ಎರಡು ಚಪ್ಪಾಳೆ, ಪ್ರಾರ್ಥನೆ, ಕೊನೆಗೊಂದು ನಮಸ್ಕಾರ. ಚಪ್ಪಾಳೆಗೆ ಮೊದಲು ಬಲಗೈಯನ್ನು ಬೆರಳಿನ ಒಂದು ಗೆಣ್ಣಿನಷ್ಟು ಕೆಳಗೆ ಸರಿಸಿ, ಆಮೇಲೆ ಬೆರಳು ಸರಿಗೂಡಿಸಬೇಕು. ದಾರಿಯ ನಡುಭಾಗ ದೇವರದು, ಅಂಚಿನಲ್ಲಿ ನಡೆಯಬೇಕು.

ಮನಸ್ಸಿಗೆ ನೋವಾಗುವುದು ಬಾಗಿಲೊಂದರ ಮೇಲೆ ಮಲಗಿದ ಬೆಕ್ಕಿನ ಕೆತ್ತನೆಯ ಕೆಳಗೆ. ಜನ ಅದರ ಫೋಟೊ ತೆಗೆದು ಹಿಂದಿರುಗಿಬಿಡುತ್ತಾರೆ. ಆ ಬಾಗಿಲು ಇರುವುದೇ ಇಯೆಯಾಸುವಿನದೆನ್ನುವ ಸಮಾಧಿಯ ದಾರಿಗೆ. ಅಲ್ಲಿಂದ ಮೇಲೆ 207 ಕಲ್ಲಿನ ಮೆಟ್ಟಿಲು, ಇಕ್ಕೆಲದಲ್ಲಿ ಸುಗಿ (ಜಪಾನಿ ದೇವದಾರು) ಮರಗಳು. ಮಳೆಯಾದರೆ ಜಾರುತ್ತದೆ, ಎತ್ತರದ ಹಿಮ್ಮಡಿಯಿಲ್ಲದ ಪಾದರಕ್ಷೆ ಬೇಕು. ಬಾಳೆಂದರೆ ಭಾರ ಹೊತ್ತು ದೂರ ನಡೆದಂತೆ, ಅವಸರ ಸಲ್ಲದು ಎಂಬ ಮಾತನ್ನು ಇಯೆಯಾಸುವಿನದೆಂದೇ ಅಲ್ಲಿಯವರು ನಂಬುತ್ತಾರೆ. ಮಂಡಿ ನಡುಗುವವರು ಅದನ್ನೇ ನೆನೆದು ನಿಂತು ನಿಂತು ಹತ್ತಲಿ.

ಮೇಲೆ ಬಣ್ಣವೆಂಬುದೇ ಕಡಿಮೆ. ಕಲ್ಲಿನ ಕಟಾಂಜನದೊಳಗೆ ಲೋಹದ ಸ್ತೂಪ, ಮುಂದೆ ದೀಪ ಹಿಡಿದ ಕೊಕ್ಕರೆ, ಧೂಪದ ಪಾತ್ರೆ, ಹೂದಾನಿ. ಸುತ್ತಲೂ ನಡೆಯಲು ದಾರಿಯಿದೆ. ನಮ್ಮವರ ಕಾಲು ತಾನಾಗಿ ಪ್ರದಕ್ಷಿಣೆಗೆ ಹೊರಡುತ್ತದೆ. ಸ್ತೂಪದ ಹಿಂದೊಂದು ಮುದಿ ಸುಗಿ, ಬುಡದಲ್ಲಿ ಪೊಟರೆ. ಹರಕೆಯನ್ನು ಆ ಪೊಟರೆಯತ್ತ ಮುಖಮಾಡಿ ಹೇಳಬೇಕು.