ಮೊಂತಿ ಹಬ್ಬದ ದಿನ: ಹೊಸ ತೆನೆ, ಒಂದೇ ಪಂಕ್ತಿ

ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬವೂ ಹೊಸ ಬೆಳೆಯ ಹಬ್ಬವೂ ಅಂದೇ. ದಕ್ಷಿಣ ಕನ್ನಡ, ಉಡುಪಿಯ ಕೊಂಕಣಿ ಕ್ಯಾಥೊಲಿಕರಾದ ನಮಗೆ ಕ್ರಿಸ್ಮಸ್ಸಿನಷ್ಟೇ ದೊಡ್ಡ ದಿನ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಜೋಕಿಂ ಮಿರಾಂದಾ 1763ರಲ್ಲಿ ಇದನ್ನು ಶುರುಮಾಡಿದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅಂದಿನ ಊಟಕ್ಕೆ ಮೀನು ಮಾಂಸ ಇಲ್ಲ. ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆಯಲ್ಲಿ, 3, 5, 7 ಹೀಗೆ.

ಕೆಲಸ ಶುರುವಾಗುವುದು ಮಾತ್ರ ಆಗಸ್ಟ್ 30ಕ್ಕೆ, ಒಂಬತ್ತು ದಿನದ ಪ್ರಾರ್ಥನೆಯಾದ ನೊವೇನದ ಮೊದಲ ದಿನ. ಒಂಬತ್ತು ದಿನವೂ ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಬಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ದಾಸವಾಳ ಸಂಜೆಗೆ ಮುದುಡುತ್ತದೆ. ಸಂಜೆ ನೊವೇನ ಇರುವ ಚರ್ಚಿಗೆ ಗೌರಿಹೂ, ಡೇರೆ, ನಂದಿಬಟ್ಟಲು ಒಳ್ಳೆಯದು. ಮಳೆಗಾಲವಾದ್ದರಿಂದ ಕೊಯ್ದ ಹೂವಿನ ನೀರು ಕೊಡವಿ ಅರ್ಧ ಗಂಟೆ ಬಟ್ಟೆಯ ಮೇಲೆ ಹರಡಿಡಬೇಕು. ಒದ್ದೆ ಎಸಳು ಮುದ್ದೆಗಟ್ಟುತ್ತದೆ, ನುಣುಪು ನೆಲದಲ್ಲಿ ಮಕ್ಕಳ ಕಾಲು ಜಾರಿಸುತ್ತದೆ. ಅಂಗಡಿಯಿಂದ ತಂದ ಸೇವಂತಿಗೆ ಬೇಡವೆಂದಲ್ಲ. ಆದರೆ ಬೇಲಿಯ ಬದಿಯಲ್ಲಿ ಮಗು ತಾನೇ ಹುಡುಕಿ ಕೊಯ್ದ ನಾಲ್ಕು ಹೂವಿನಲ್ಲಿ ಅದರದ್ದೇ ಶ್ರಮ, ಅದರದ್ದೇ ಪ್ರೀತಿ ಇರುತ್ತದೆ. ಅದನ್ನು ದೊಡ್ಡವರು ಕಿತ್ತುಕೊಳ್ಳಬಾರದು.

ಹೂವಿನಷ್ಟು ಗಮನ ಸಿಗದ ಕೆಲಸ ಒಂದಿದೆ. ಕಾಣಿಕೆ ಅರ್ಪಿಸಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪ ಇರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಂದಿಗೆ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿದೆ. ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸುವ ಭತ್ತದ ತೆನೆಯೂ ಕಾಣಿಕೆಯೇ ತಾನೆ? ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗೆ ನೊವೇನದ ಮೊದಲ ಮೂರು ದಿನಗಳೊಳಗೆ ಹೋಗಿಬರಬೇಕು. 7ರ ರಾತ್ರಿ ಫೋನ್ ಮಾಡಿದರೆ ಅದು ಬರೀ ಊಟದ ಕರೆಯಾಗುತ್ತದೆ, ಬರುವವರಿಗೆ ಮನಸ್ಸು ತಿಳಿಯಾಗಲು ಸಮಯವೂ ಸಿಗುವುದಿಲ್ಲ. ಹಿರಿಯರೇ ಮೊದಲು ಹೋದರೆ ಬೇಗ ಫಲಿಸುತ್ತದೆ, ಕಿರಿಯರು ಕಾಯುವುದು ಅದಕ್ಕೇ. ಹೋದಾಗ ಪಾಲುಪಟ್ಟಿಯ ಮಾತು, ಜಾಗದ ಗಡಿಯ ಮಾತು ತೆಗೆಯಲೇಬಾರದು. ಯಾರದ್ದು ತಪ್ಪು ಎಂದು ತೂಗುವುದೂ ಅಂದು ಬೇಡ. “ಹಬ್ಬಕ್ಕೆ ಬನ್ನಿ, ನೀವು ಬರದೆ ನಾವು ತೆನೆ ಸುಲಿಯುವುದಿಲ್ಲ” ಎಂದರೆ ಸಾಕು. ಧರ್ಮಗುರುಗಳ ಬಳಿ ಪಾಪನಿವೇದನೆ ಮಾಡುವವರು ಇದಾದ ಮೇಲೆ ಮಾಡಿದರೆ ಮನಸ್ಸು ಹಗುರ.

ತೆನೆಯ ಜವಾಬ್ದಾರಿ ಸಾಮಾನ್ಯವಾಗಿ ಗುರಿಕಾರರದ್ದು, ಅಂದರೆ ಚರ್ಚಿನ ವಾರ್ಡಿನ ಮುಖಂಡರದ್ದು. ಗದ್ದೆ ಇರುವ ಮನೆಗಳು ಕಡಿಮೆಯಾಗಿವೆ. ಏಣೆಲಿನ, ಅಂದರೆ ಮಳೆಗಾಲದ ಮೊದಲ ಬೆಳೆಯ, ಪೈರು ಸೆಪ್ಟೆಂಬರ್ ಮೊದಲ ವಾರಕ್ಕೆ ಎಲ್ಲ ಕಡೆ ಬಲಿತಿರುವುದಿಲ್ಲ. ಬೇಗ ನಾಟಿ ಮಾಡಿದ ಗದ್ದೆಯನ್ನು ಜುಲೈಯಲ್ಲೇ ಗೊತ್ತುಮಾಡಿಕೊಳ್ಳಬೇಕು. 500 ಮನೆಗಳ ಚರ್ಚಿಗೆ ಮನೆಗೆ 3 ತೆನೆಯಂತೆ 1500 ಬೇಕು. ಮುರಿದದ್ದು, ಜಳ್ಳಾದದ್ದು ಲೆಕ್ಕ ಹಿಡಿದು 1800 ಕೊಯ್ಯುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ರಾತ್ರಿಯಲ್ಲೇ ಬಿಸಿಯಾಗಿ ಕಪ್ಪಗಾಗುತ್ತದೆ. ಬುಟ್ಟಿಯಲ್ಲಿ ಸಡಿಲವಾಗಿ ನಿಲ್ಲಿಸಿ ಗಾಳಿಯಾಡಲು ಬಿಡಬೇಕು. ಬೆಳಿಗ್ಗೆ ಧರ್ಮಗುರುಗಳು ತೆನೆಯನ್ನು ಆಶೀರ್ವದಿಸಿ ತೀರ್ಥ ಚಿಮುಕಿಸುತ್ತಾರೆ. ಮೆರವಣಿಗೆ, ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆ ಮುಗಿದ ಮೇಲೆ ಮನೆಮನೆಗೆ ತೆನೆ, ಹೂ ತಂದ ಮಕ್ಕಳಿಗೆ ಕಬ್ಬು.

ಮನೆಗೆ ಬಂದ ತೆನೆಯನ್ನು ದೇವರ ಪೀಠದಲ್ಲಿಟ್ಟು ಮೊಂಬತ್ತಿ ಹಚ್ಚಿ ಪ್ರಾರ್ಥಿಸಿದ ಮೇಲೆಯೇ ಸುಲಿಯುವುದು. ಕಾಳು ಹಸಿಯಾಗಿರುವುದರಿಂದ ಸಿಪ್ಪೆ ಬಿಡುವುದು ಕಷ್ಟ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಬೆಚ್ಚಗೆ ಮಾಡಿದರೆ ಉಗುರಿಗೆ ಸುಲಭವಾಗಿ ಬರುತ್ತದೆ. ಉಮಿಯ ಚೂರು ಉಳಿದರೆ ಗಂಟಲಿಗೆ ಚುಚ್ಚುತ್ತದೆ, ಮಕ್ಕಳಿರುವ ಮನೆಯಲ್ಲಿ ಎರಡು ಸಲ ಆರಿಸಬೇಕು. ಅಕ್ಕಿಯನ್ನು ಜಜ್ಜಿ ತೆಂಗಿನ ಹಾಲು, ಬೆಲ್ಲಕ್ಕೆ ಬೆರೆಸಿದರೆ ನೊವೆಂ ಸಿದ್ಧ. ಹತ್ತು ಜನರಿಗೆ ಎರಡು ತೆಂಗಿನಕಾಯಿ, ಕಾಲು ಕಿಲೋ ಬೆಲ್ಲ ಸಾಕು. ಬೆಲ್ಲವನ್ನು ಮೊದಲೇ ಕರಗಿಸಿ, ಸೋಸಿ, ತಣಿಸಿಡಿ. ಗಟ್ಟಿ ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ. ದನದ ಹಾಲಿನಲ್ಲಿ ಮಾಡುವವರು ಬಿಸಿ ಹಾಲಿಗೆ ಬೆಲ್ಲ ಹಾಕಬಾರದು, ಅದೂ ಒಡೆಯುತ್ತದೆ. ಮನೆಯವರೆಲ್ಲ ಸೇರಿದ ಮೇಲೆ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಕಿರಿಯರು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ.

ಊಟದ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಂಬತ್ತು ಪದಾರ್ಥ ಮಾಡಲು ಹೋಗಿ ಮನೆಯ ಹೆಂಗಸರು ಬಲಿಪೂಜೆಯ ಅರ್ಧಕ್ಕೇ ಎದ್ದು ಓಡುವುದು ಸರಿಯಲ್ಲ. ಐದು ಸಾಕು. ಬೆಂಡೆ, ತೊಂಡೆಕಾಯಿ ಕಡಲೆ, ಹೀರೆ, ಹಾಗಲ, ಜೊತೆಗೆ ಕೆಸು. ತರಕಾರಿಯನ್ನು 7ರ ರಾತ್ರಿ ಗಂಡಸರು, ಮಕ್ಕಳು ಕೂತು ಹೆಚ್ಚಿಡಲಿ. ಕೆಸುವಿನ ಎಲೆ ದಂಟು ಹೆಚ್ಚುವ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು. ಅಂಬಟೆಯೋ ಹುಣಸೆಯೋ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ನಾಲಿಗೆ ತುರಿಸುತ್ತದೆ. ನೆರೆಮನೆಯಲ್ಲಿ ಒಂಟಿಯಾಗಿರುವವರಿಗೆ, ಅವರು ಯಾವ ಜಾತಿ ಧರ್ಮದವರಾದರೂ, ನಮ್ಮ ಬಾಳೆಲೆ ಹಾಕುವ ಮೊದಲೇ ಊಟ ತಲುಪಿಸಬೇಕು. ಉಳಿದ ಮೇಲೆ ಕೊಟ್ಟದ್ದು ಹಂಚಿಕೊಂಡಂತಾಗುವುದಿಲ್ಲ.

ಗಲ್ಫಿನಲ್ಲೋ ಮುಂಬೈಯಲ್ಲೋ ಇರುವ ಮಕ್ಕಳಿಗೆ ತೆನೆಯ ಕಾಳನ್ನು ಲಕೋಟೆಯಲ್ಲಿ ಕಳುಹಿಸುವ ಪದ್ಧತಿ ಹಳೆಯದು. ಹಸಿ ಕಾಳನ್ನು ಹಾಗೇ ಅಂಟಿಸಿದರೆ ದಾರಿಯಲ್ಲೇ ಬೂಸು ಹಿಡಿಯುತ್ತದೆ. ಸುಲಿದು, ಎರಡು ಮೂರು ದಿನ ನೆರಳಲ್ಲಿ ಒಣಗಿಸಿ, ಪುಡಿಮಾಡಿ, ತೆಳು ಕಾಗದದಲ್ಲಿ ಮಡಚಿ ಕಳುಹಿಸಬೇಕು. ಒಬ್ಬರಿಗೆ ಒಂದು ಚಿಟಿಕೆ ಸಾಕು. ಲಕೋಟೆಯ ಮೇಲೆ ಮನೆಯ ಯಜಮಾನರ ಹೆಸರೊಂದೇ ಬರೆಯದೆ, ಸೊಸೆ, ಮೊಮ್ಮಕ್ಕಳು, ಅಲ್ಲಿ ಹುಟ್ಟಿದ ಕೂಸು, ಎಲ್ಲರ ಹೆಸರೂ ಬರೆಯಿರಿ. ಅದು ಯಾವತ್ತು ತಲುಪುತ್ತದೋ ಅವತ್ತೇ ಅವರು ಒಟ್ಟಿಗೆ ಕೂತು ಹಾಲಿಗೆ ಬೆರೆಸಿ ಕುಡಿಯುತ್ತಾರೆ.