ಬಿದ್ದವರ ಮನೆಯಲ್ಲಿ ಮಾತ್ರೆ ಡಬ್ಬಿಯನ್ನೂ ನೋಡುತ್ತೇನೆ

ತೀರ್ಥಹಳ್ಳಿ, ಹೊಸನಗರ ಕಡೆ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರೇ ಜಾಸ್ತಿ. ಮಳೆಗಾಲದಲ್ಲಿ ಎಲ್ಲ ಮನೆಯಲ್ಲೂ ಒಂದೇ ಮಾತು: "ಅಂಗಳ ಪಾಚಿ ಕಟ್ಟಿತ್ತು, ಜಾರಿ ಬಿದ್ರು." ನಿಜವೇ. ಅದಕ್ಕೇ ಅಲ್ವಾ ನಮ್ಮಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವುದು? ಆದರೆ ಅದೇ ಅಂಗಳದಲ್ಲಿ ಉಳಿದವರೂ ಜಾರುತ್ತಾರೆ, ಸಾವರಿಸಿಕೊಳ್ಳುತ್ತಾರೆ. ಅಜ್ಜಿಗೆ ಮಾತ್ರ ಯಾಕೆ ಆಗಲಿಲ್ಲ? ಮೂಳೆ ಅಷ್ಟು ಸುಲಭಕ್ಕೆ ಯಾಕೆ ಮುರಿಯಿತು?

ಅದಕ್ಕೇ ಮಾತ್ರೆ ಡಬ್ಬಿ ತರಲು ಹೇಳುತ್ತೇನೆ. ಬಿಪಿ ಮಾತ್ರೆ, ನಿದ್ದೆ ಮಾತ್ರೆಯ ಮೇಲೆ ಮನೆಯವರಿಗೂ ಒಂದು ಅನುಮಾನ ಇರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಕಂಡರೆ ಮಾತ್ರ "ಅದು ಬಿಡಿ, ಸುಮ್ನೆ ಗ್ಯಾಸಿಗೆ" ಎನ್ನುತ್ತಾರೆ. ಯಾವಾಗ ಶುರುವಾಯಿತು ಎಂದರೆ ಯಾರಿಗೂ ನೆನಪಿಲ್ಲ. ಯಾವತ್ತೋ ಜ್ವರಕ್ಕೋ ಮಂಡಿನೋವಿಗೋ ಕೊಟ್ಟ ಮಾತ್ರೆಗಳ ಜೊತೆ ಬಂದದ್ದು, ಅವು ನಿಂತರೂ ಇದು ನಿಲ್ಲಲಿಲ್ಲ.

ಹೊಟ್ಟೆಯ ಆಮ್ಲ ತಗ್ಗಿಸುವ ಈ ಗ್ಯಾಸ್ ಮಾತ್ರೆಗಳನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಥವಾ ದೊಡ್ಡ ಡೋಸಿನಲ್ಲಿ ತೆಗೆದುಕೊಂಡರೆ ಸೊಂಟ, ಮಣಿಕಟ್ಟು, ಬೆನ್ನುಮೂಳೆ ಮುರಿಯುವ ಅಪಾಯ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಸಿತ್ತು. 2011ರಲ್ಲಿ ಮೆಗ್ನೀಸಿಯಂ ಇಳಿಯುವ ಬಗ್ಗೆಯೂ ಹೇಳಿತು. ಅದು ಇಳಿದರೆ ಸ್ನಾಯು ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ.

ನನ್ನ ಕೆಲಸಕ್ಕೆ ಹೆಚ್ಚು ಹತ್ತಿರದ್ದು ವಿಟಮಿನ್ ಬಿ12. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಈ ಮಾತ್ರೆ ತಗ್ಗಿಸುವುದು ಅದನ್ನೇ. ಸಸ್ಯಾಹಾರಿಗಳಿಗೆ ಬಿ12 ಸಿಗುವುದೇ ಹಾಲು ಮೊಸರಿನಿಂದ. ಗ್ಯಾಸ್ ಮಾತ್ರೆ ಜೊತೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದ್ದರೆ, ಅದೂ ಬಿ12 ಇಳಿಸುತ್ತದೆ. ಬಿ12 ತೀರಾ ಇಳಿದರೆ ನರ ಸೋಲುತ್ತದೆ, ಪಾದ ಜೋಮು ಹಿಡಿಯುತ್ತದೆ, ನೆಲ ಎಲ್ಲಿದೆ ಎಂದು ಕಾಲಿಗೆ ಸರಿಯಾಗಿ ತಿಳಿಯುವುದಿಲ್ಲ. ಅಂಥವರನ್ನು ಹಿಡಿದುಕೊಂಡು ನಿಲ್ಲಿಸಿ ಕಣ್ಣು ಮುಚ್ಚಿ ಎನ್ನುತ್ತೇನೆ. ಅಲ್ಲಿವರೆಗೆ ನೆಟ್ಟಗೆ ನಿಂತಿದ್ದವರು ವಾಲತೊಡಗುತ್ತಾರೆ. ಹಗಲಲ್ಲಿ ಕಣ್ಣೇ ಕಾಲಿನ ಕೆಲಸ ಮಾಡುತ್ತಿರುತ್ತದೆ. ಮಳೆಗೆ ಕರೆಂಟ್ ಹೋದ ರಾತ್ರಿ ಹಿತ್ತಲ ಬಚ್ಚಲಿಗೆ ಹೊರಟಾಗ ಅದೂ ಇಲ್ಲ.

ಹಾಗಂತ ಬಿದ್ದದ್ದೆಲ್ಲ ಈ ಮಾತ್ರೆಯಿಂದಲೇ ಎನ್ನಲಾಗದು. ಮೊದಲೇ ಸೋತವರೇ ಇದನ್ನು ಹೆಚ್ಚು ತಿನ್ನುತ್ತಾರೆ, ಹಾಗಾಗಿ ತಪ್ಪು ಯಾವುದರದ್ದೆಂದು ಬಿಡಿಸುವುದು ಕಷ್ಟ. ಹುಣ್ಣಿನಿಂದ ರಕ್ತ ಹೋದವರಿಗೆ, ಹೃದಯಕ್ಕೆಂದು ಆಸ್ಪಿರಿನ್ ತಿನ್ನುವ ಎಷ್ಟೋ ಹಿರಿಯರಿಗೆ ಇದು ಬೇಕೇ ಬೇಕು. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕಿ ಎದೆ ಉರಿಯುತ್ತದೆ. ಮಾತ್ರೆ ಇಲ್ಲದೆ ಆಗುವುದೇ ಇಲ್ಲ ಎಂದು ಜನ ನಂಬುವುದು ಅಲ್ಲೇ.

ನಾನು ಡಾಕ್ಟರಿಗೆ ಚೀಟಿ ಬರೆದು ಕೊಡುತ್ತೇನೆ: ಗ್ಯಾಸ್ ಮಾತ್ರೆ ಎಷ್ಟು ವರ್ಷದಿಂದ, ಪಾದ ಜೋಮು ಇದೆಯೇ, ಬಿ12 ನೋಡಿದ್ದಾರೆಯೇ, ಇನ್ನೂ ಬೇಕೇ, ಕಡಿಮೆ ಮಾಡಬಹುದೇ. ಉತ್ತರ ಬರುವ ತನಕ ದಿಂಬಿನ ಪಕ್ಕ ಟಾರ್ಚ್ ಇಡಿಸುತ್ತೇನೆ.